ರೆಕ್ಸಿನ್ ಮೇಲೆ ಬರೆದ ಹತ್ತು ಸಿನಿಮಾ

ಮಸ್ಕಿಯ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ತನ್ನ ಮನಸ್ಸಿನ ಮಾತನ್ನು ಕೆತ್ತಿಸಿಟ್ಟು ಹೋಗಿ ಎರಡು ಸಾವಿರ ವರ್ಷದ ಮೇಲಾಯಿತು. ಅವನಾದ ಮೇಲೆ ಆ ಸೀಮೆಯ ಜನರಿಗೆ ಅಷ್ಟೇ ಅಧಿಕಾರದಿಂದ ಬರೆದು ತಿಳಿಸಿದವನೆಂದರೆ ಸಿಂಧನೂರಿನ ಕುಶನ್ ಇಲಿಯಾಸನೇ. ಚಕ್ರವರ್ತಿಗೆ ಬಂಡೆ ಇತ್ತು. ಇಲಿಯಾಸನಿಗೆ ಕಪ್ಪು ರೆಕ್ಸಿನ್ ಇತ್ತು. ಪ್ರತಿ ಡಿಸೆಂಬರಿನ ಕಡೆಯ ಭಾನುವಾರ ಅವನು ಒಂದು ಗಜ ರೆಕ್ಸಿನ್ ಕತ್ತರಿಸಿ, ಅದರ ಮೇಲೆ ಬಿಳಿ ಪೇಂಟಿನಲ್ಲಿ ಆ ವರ್ಷ ತಾನು ಮೆಚ್ಚಿದ ಹತ್ತು ಸಿನಿಮಾಗಳನ್ನು ಬರೆದು, ಗಂಗಾವತಿ ರಸ್ತೆಯ ತನ್ನ ಅಂಗಡಿಯ ಮುಂದೆ ತೂಗುಹಾಕುತ್ತಿದ್ದ. ಇಪ್ಪತ್ತೆರಡು ವರ್ಷ ತಪ್ಪದೆ ತೂಗುಹಾಕಿದ್ದ. ವರ್ಷ ಕಳೆದ ಮೇಲೆ ಆ ಶಾಸನ ಯಾವುದಾದರೂ ಟ್ರ್ಯಾಕ್ಟರ್ ಸೀಟಿನ ಅಡಿಭಾಗಕ್ಕೆ ಹೊಲಿಗೆಯಾಗಿ ಹೋಗುತ್ತಿತ್ತು. ತುರ್ವಿಹಾಳ, ದಢೇಸುಗೂರು ಕಡೆಯ ಎಷ್ಟೋ ರೈತರು ಇವತ್ತಿಗೂ ತಮಗೇ ತಿಳಿಯದಂತೆ ಒಂದೊಂದು ವರ್ಷದ ಶ್ರೇಷ್ಠ ಚಿತ್ರಗಳ ಮೇಲೆ ಕುಳಿತು ಗದ್ದೆ ಕೆಸರು ಮಾಡುತ್ತಿದ್ದಾರೆ.

ಇಲಿಯಾಸನಿಗೆ ಐವತ್ತೆರಡು. ಟ್ರ್ಯಾಕ್ಟರು, ಆಟೊ, ಬೈಕು, ಬಸ್ಸು, ಯಾವುದರ ಸೀಟಾದರೂ ಸರಿ, ಹಳೆಯ ತೊಗಲು ಸುಲಿದು ಹೊಸತು ತೊಡಿಸುವುದು ಅವನ ಕಸುಬು. ಊರಿನ ದೊಡ್ಡ ಮನುಷ್ಯರನ್ನು ಅವನು ಮುಖ ನೋಡಿ ಗುರುತಿಸುತ್ತಿರಲಿಲ್ಲ, ಸೀಟಿನಲ್ಲಿ ಬಿದ್ದ ತಗ್ಗು ನೋಡಿ ಗುರುತಿಸುತ್ತಿದ್ದ. ಅವನು ಫೋಮ್ ಕತ್ತರಿಸುತ್ತಿದ್ದ, ಮೊಳೆ ಬಡಿಯುತ್ತಿದ್ದ, ಮಾತಾಡುತ್ತಿದ್ದ. ಅಂಗಡಿಯ ಒಳಗೆ ಪರದೆಯ ಹಿಂದೆ ಮಷಿನ್ ತುಳಿದು ಹೊಲಿಯುವವಳು ಹೆಂಡತಿ ಹುಸೇನ್‌ಬೀ. ಅವಳು ಮಾತಾಡುತ್ತಿರಲಿಲ್ಲ, ಮಷಿನ್ನೇ ಸಾಕಷ್ಟು ಮಾತಾಡುತ್ತಿತ್ತು. ಗಂಡಹೆಂಡತಿ ಮನೆಯಲ್ಲಿ ದಖನಿ ಆಡುವರು, ಅಂಗಡಿಗೆ ಬಂದರೆ ಕನ್ನಡ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳ ಗಿರಾಕಿ ಬಂದರೆ ಮಾತು ನಡುವಿನಲ್ಲೇ ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುವುದು, ತಿರುಗಿದ್ದು ಆಡಿದವರಿಗೂ ಕೇಳಿದವರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ.

ಪಟ್ಟಿಯಲ್ಲಿ ಇಲಿಯಾಸ ಸಿನಿಮಾದ ಹೆಸರು ಬರೆಯುತ್ತಿರಲಿಲ್ಲ. ಈಗಿನ ಹೆಸರುಗಳೆಲ್ಲ ಔಷಧಿ ಅಂಗಡಿಯ ಬಾಟಲಿಯ ಮೇಲಿನ ಹೆಸರಿನಂತಿವೆ, ನಾಲಿಗೆಗೆ ಹತ್ತುವುದಿಲ್ಲ ಎಂಬುದು ಅವನ ದೂರು. ಅದಕ್ಕೆ ತಾನೇ ನಾಮಕರಣ ಮಾಡುತ್ತಿದ್ದ: ಬಾವಿ ಸಿನಿಮಾ, ಎರಡು ಅತ್ತೆ ಸಿನಿಮಾ, ಮಾತಾಡದ ತಂಗಿ ಸಿನಿಮಾ. ಹೆಲಿಕಾಪ್ಟರ್ ಸಿನಿಮಾ ಎಂದು ಅವನು ಬರೆದದ್ದರಲ್ಲಿ ಹೆಲಿಕಾಪ್ಟರು ಬಂದದ್ದು ಒಂದೇ ಸಲ, ಅದೂ ದೂರದಲ್ಲಿ. ಆದರೆ ಮೂರು ತಾಲ್ಲೂಕಿನ ಜನರಿಗೆ ಯಾವ ಸಿನಿಮಾ ಎಂದು ತಿಳಿಯುತ್ತಿತ್ತು, ತಿಳಿಯದಿದ್ದರೆ ಅಂಗಡಿಗೆ ಬಂದು ಕೇಳುತ್ತಿದ್ದರು. ಕೇಳಲು ಬಂದವರು ಕತೆ ಪೂರಾ ಮುಗಿಯುವ ತನಕ ಏಳುವಂತಿರಲಿಲ್ಲ.

ಇನ್ನು ಅವನ ತೂಗುವ ತಕ್ಕಡಿ. ನಟನೆ, ಸಂಗೀತ, ಕ್ಯಾಮೆರಾ ಎಂದು ಬಲ್ಲವರು ಏನೇನೋ ನೋಡುತ್ತಾರೆ. ಇಲಿಯಾಸ ಕುಂಡೆ ನೋಡುತ್ತಿದ್ದ. ತನ್ನದೇ. ಸಿನಿಮಾ ಬೇಸರವಾದರೆ ಮನುಷ್ಯನ ಬಾಯಿ ಸುಳ್ಳು ಹೇಳಬಹುದು, ಕುಂಡೆ ಹೇಳುವುದಿಲ್ಲ, ಅದು ಮಗ್ಗುಲು ಬದಲಾಯಿಸುತ್ತದೆ ಎಂಬುದು ಮೂವತ್ತು ವರ್ಷ ಸೀಟು ಹೊಲಿದವನ ಸಿದ್ಧಾಂತ. ಟಾಕೀಸಿಗೆ ಹೋಗುವಾಗ ಅಂಗಿಯ ಎಡಜೇಬಿನಲ್ಲಿ ರೆಕ್ಸಿನ್ ಬಡಿಯುವ ಸಣ್ಣ ಮೊಳೆಗಳನ್ನು ಒಂದು ಹಿಡಿ ಹಾಕಿಕೊಂಡು ಹೋಗುತ್ತಿದ್ದ. ಒಂದು ಸಲ ಹೊರಳಿ ಕುಳಿತರೆ ಒಂದು ಮೊಳೆ ಎಡಜೇಬಿನಿಂದ ಬಲಜೇಬಿಗೆ. ಇಂಟರ್ವಲ್ಲಿಗೆ ಒಮ್ಮೆ, ಶುಭಂಗೆ ಒಮ್ಮೆ ಎಣಿಸಿ, ಎರಡು ಅಂಕಿಯನ್ನೂ ಡಿಸೆಂಬರಿನಲ್ಲಿ ಪಟ್ಟಿಗೆ ಏರಿಸುತ್ತಿದ್ದ. ಕಡಿಮೆ ಮೊಳೆ ಸರಿದ ಸಿನಿಮಾ ಮೇಲೆ, ಹೆಚ್ಚು ಸರಿದದ್ದು ಕೆಳಗೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ಸಿನಿಮಾದ ಯಾವ ಅರ್ಧಕ್ಕೂ ಸೊನ್ನೆ ಬಿದ್ದಿರಲಿಲ್ಲ.

ಈ ಸಾಮ್ರಾಜ್ಯಕ್ಕೆ ಒಬ್ಬ ವೈರಿಯೂ ಇದ್ದ. ಲಿಂಗಸುಗೂರಿನ ಗಂಗಾಧರ. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ, ನೋಡಿದ ಪ್ರತಿ ಸಿನಿಮಾದ ತಾರೀಖು, ಟಾಕೀಸು, ಎಷ್ಟು ನಿಮಿಷ ಓಡಿತು, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವ ಮನುಷ್ಯ. ಜನವರಿಯ ಮೊದಲ ಭಾನುವಾರ ಬಸ್ಸಿನಲ್ಲಿ ಸಿಂಧನೂರಿಗೆ ಬಂದು, ಪಟ್ಟಿಯ ಮುಂದೆ ಕೈಕಟ್ಟಿ ನಿಂತು, ಸಂಜೆಯ ತನಕ ವಾದ ಮಾಡಿ ಹೋಗುವುದು ಅವನ ವಾರ್ಷಿಕ ವ್ರತ. ಒಂಬತ್ತು ವರ್ಷದ ಹಿಂದೆ ಅಂಥದೇ ವಾದದಲ್ಲಿ, ತಾನು ಹೊಗಳುತ್ತಿದ್ದ ಒಂದು ಸಿನಿಮಾದ ಕಡೆಯ ಹದಿನೈದು ನಿಮಿಷ ಬಿಟ್ಟು ಬಸ್ಸು ಹಿಡಿಯಲು ಓಡಿದ್ದೆನೆಂದು ಗಂಗಾಧರ ಬಾಯಿತಪ್ಪಿ ಹೇಳಿಬಿಟ್ಟ. ಇಲಿಯಾಸ ಆಗ ಸುತ್ತಿಗೆ ಕೆಳಗಿಟ್ಟು, ಚಹಾ ಕುಡಿಯುತ್ತಿದ್ದ ಎಲ್ಲರೂ ಕೇಳುವಂತೆ ಕಾನೂನು ಸಾರಿದ.

"ಟೈಟಲ್‌ನಿಂದ ಶುಭಂ ತನಕ ಕುಂತವ್ನಿಗಷ್ಟ ಮಾತಾಡೋ ಹಕ್ಕು ಐತಿ ಸರ. ನಾ ಒಂದ್ ದಿನ ತಪ್ಪಿದೆ ಅಂದ್ರ, ಈ ರೆಕ್ಸಿನ್ ಇಳಿಸ್ತೀನಿ. ಮತ್ತ ಬರಿಯಂಗಿಲ್ಲ."

ಗಂಗಾಧರ ಆ ಮಾತನ್ನು ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆದುಕೊಂಡ. ಒಂಬತ್ತು ವರ್ಷ ಕಾದ.

ಮುಂದಿನದು ತಿಳಿಯಬೇಕಾದರೆ ಜೋಡಿ ಟಾಕೀಸಿನ ವಾಸ್ತುವನ್ನು ಸ್ವಲ್ಪ ತಿಳಿಯಬೇಕು. ಅದು ಮೊದಲು ಒಂದೇ ದೊಡ್ಡ ಟಾಕೀಸು. ಜನ ಕಡಿಮೆಯಾದ ಮೇಲೆ ಮಾಲೀಕ ನಡುವೆ ಗೋಡೆ ಎತ್ತಿ ಎರಡು ಪರದೆ ಮಾಡಿದ. ಬಾಗಿಲುಗಳು ಅಕ್ಕಪಕ್ಕ, ಬಣ್ಣ ಒಂದೇ, ಸೀಟಿನ ನಂಬರುಗಳೂ ಎರಡೂ ಕಡೆ ಒಂದೇ. ಕ್ಯಾಂಟೀನು ಮಾತ್ರ ಒಂದು, ಅದರಲ್ಲಿ ಮಿರ್ಚಿ ಕರಿಯುವ ಬಸ್ಸಪ್ಪನೂ ಒಬ್ಬನೇ. ತಣ್ಣಗಾದ ಮಿರ್ಚಿ ಕೊಟ್ಟರೆ ಸಿಂಧನೂರಿನಲ್ಲಿ ಸಿನಿಮಾ ಓಡುವುದಿಲ್ಲ. ಎರಡು ಸಲ ಕರಿಯಲು ಬಸ್ಸಪ್ಪ ಒಪ್ಪಲಿಲ್ಲ. ಹೀಗಾಗಿ ಮಾಲೀಕ ಎರಡೂ ಪರದೆಗೆ ಇಂಟರ್ವಲ್ ಒಂದೇ ಹೊತ್ತಿಗೆ ಬರುವಂತೆ ಆಟಗಳನ್ನು ಹೊಂದಿಸಿದ. ಒಬ್ಬ ಮಿರ್ಚಿಯವನ ಹಟಕ್ಕೆ ಎರಡು ಪರದೆಗಳು ಏಕಕಾಲಕ್ಕೆ ಬಿಳುಚಿಕೊಳ್ಳುತ್ತಿದ್ದವು.

ಹಳೆಯ ಟಾಕೀಸಿನ ಇನ್ನೊಂದು ಪದ್ಧತಿಯೂ ಉಳಿದಿತ್ತು. ಎಡಗಡೆ ಕಟಾಂಜನದ ಆಚೆ ಹೆಂಗಸರ ಸಾಲು, ಅದಕ್ಕೆ ಬೇರೆ ಗೇಟು. ಆಟ ಶುರುವಾದ ಕೂಡಲೇ ಆ ಗೇಟಿಗೆ ಬೀಗ ಬೀಳುತ್ತಿತ್ತು, ತೆಗೆಯುತ್ತಿದ್ದದ್ದು ಶುಭಂ ಆದಮೇಲೆ. ಇಲಿಯಾಸನ ಜೊತೆ ಪ್ರತಿ ಸಿನಿಮಾಕ್ಕೂ ಹೋಗುವ ಹುಸೇನ್‌ಬೀ ಅಲ್ಲೇ ಕೂರುತ್ತಿದ್ದಳು. ಗಂಡನ ಪಕ್ಕದಲ್ಲಿ ಕೂರಲು ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಇಲಿಯಾಸ ಸಿನಿಮಾ ನೋಡುವಾಗಲೂ ಮಾತಾಡುತ್ತಾನೆ.

ಈ ಕತೆ ನಡೆದ ವರ್ಷದ ಮಾರ್ಚಿನಲ್ಲಿ ಮಾಲೀಕ ಎರಡನೇ ಪರದೆಯ ಸೀಟುಗಳನ್ನೆಲ್ಲ ಹೊಸದಾಗಿ ಕಟ್ಟುವ ಕೆಲಸವನ್ನು ಇಲಿಯಾಸನಿಗೇ ಕೊಟ್ಟ. ಗಂಡಹೆಂಡತಿ ಎರಡು ತಿಂಗಳು ದುಡಿದರು. ಒಳ್ಳೆಯ ಫೋಮು, ಅಂಚಿಗೆ ಜೋಡಿ ಹೊಲಿಗೆ. ಮೊದಲನೇ ಪರದೆಯ ಸೀಟುಗಳು ಹಾಗೇ ಉಳಿದವು. ಅವುಗಳ ಸ್ಪ್ರಿಂಗುಗಳು ಪ್ರೇಕ್ಷಕರ ಬೆನ್ನಿಗೆ ಬಹಳ ಹಳೆಯ ಪರಿಚಯ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ಮೊದಲನೇ ಪರದೆಯಲ್ಲಿ ತೆಲುಗು ಸಿನಿಮಾ. ಇಲಿಯಾಸನ ಸೀಟು ಎಂದಿನಂತೆ ಎಫ್ ಹದಿನಾಲ್ಕು. ಮೀಸೆಯ ಲಾರಿ ಡ್ರೈವರೊಬ್ಬ ಮೆಣಸಿನಕಾಯಿ ಹೇರಿಕೊಂಡು ಊರೂರು ತಿರುಗುತ್ತಾನೆ. ಒಬ್ಬ ದಪ್ಪ ಧಣಿ ಅವನ ತಮ್ಮನನ್ನು ಕೊಲ್ಲಿಸುತ್ತಾನೆ. ಡ್ರೈವರು ಕಬ್ಬಿಣದ ರಾಡು ಹಿಡಿದು ಸೇತುವೆಯ ಮೇಲೆ ಮಳೆಯಲ್ಲಿ ನಿಂತು, ನಿನ್ನ ರಕ್ತ ನೋಡುತ್ತೇನೆ ಎಂದು ಶಪಥ ಮಾಡುತ್ತಾನೆ. ಇಂಟರ್ವಲ್. ಬಲಜೇಬಿನಲ್ಲಿ ಹದಿನೇಳು ಮೊಳೆ.

ಇಲಿಯಾಸ ಹೊರಬಂದ, ಬಸ್ಸಪ್ಪನ ಮುಂದಿನ ನೂಕುನುಗ್ಗಲಿನಲ್ಲಿ ಹೋರಾಡಿ ನಾಲ್ಕು ಮಿರ್ಚಿ ಗೆದ್ದ, ಗೆದ್ದವನ ಗತ್ತಿನಲ್ಲಿ ತಿನ್ನುತ್ತ ತಡವಾಗಿ ಒಳನಡೆದ. ಬಾಗಿಲು ತಪ್ಪಿತ್ತು. ಕತ್ತಲಲ್ಲಿ ಎಫ್ ಸಾಲು ಹುಡುಕಿ ಹದಿನಾಲ್ಕರಲ್ಲಿ ಕುಳಿತ. ಅದು ಗೋಡೆಯ ಆಚೆಯ ಎಫ್ ಹದಿನಾಲ್ಕು. ಪರದೆಯ ಮೇಲೆ ಮೀಸೆಯಿಲ್ಲದ ಒಬ್ಬ ಮನುಷ್ಯ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದೊಡ್ಡ ಡಬರಿಯ ಮುಂದೆ ನಿಂತು ಸಾರು ತಿರುವುತ್ತಿದ್ದ. ಕನ್ನಡದಲ್ಲಿ.

ಇಲ್ಲಿ ಬೇರೆ ಊರಿನವನಾಗಿದ್ದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದ. ಇಲಿಯಾಸ ಬೆರಗಾಗಿ ಕುಳಿತ. ಡ್ರೈವರು ಸೇಡು ಬಿಟ್ಟಿದ್ದಾನೆ, ಮೀಸೆ ಬಿಟ್ಟಿದ್ದಾನೆ, ತುಂಗಭದ್ರೆ ದಾಟಿ ನಮ್ಮ ಕಡೆ ಬಂದು ಅಡುಗೆಗೆ ಸೇರಿದ್ದಾನೆ. ಹೊಳೆ ದಾಟಿದ ಮೇಲೆ ಭಾಷೆ ಬದಲಾಗದೆ ಏನಾದೀತು? ಕ್ಯಾಂಪಿನ ಜನ ಒಂದು ಚಹಾ ಮುಗಿಸುವುದರಲ್ಲಿ ಎರಡು ಸಲ ದಾಟುತ್ತಾರೆ. ಇನ್ನು ಮುಖ. ಭಾವಮೈದುನ ಲಾಲ್‌ಸಾಬ್ ಒಮ್ಮೆ ಮೀಸೆ ಬೋಳಿಸಿಕೊಂಡು ಬಂದಾಗ ಸ್ವಂತ ತಂಗಿ ಹುಸೇನ್‌ಬೀಯೇ ಯಾರು ಬೇಕಾಗಿತ್ತು ಎಂದು ಕೇಳಿದ್ದಳು. ಮುಖದ ಮಾತು ಅಷ್ಟಕ್ಕೇ ಮುಗಿಯಿತು. ರಾಡು ಹಿಡಿದಿದ್ದ ಕೈಯಲ್ಲಿ ಈಗ ಸೌಟು. ನಿರ್ದೇಶಕ ಇದನ್ನು ಒಂದು ಮಾತಿನಲ್ಲೂ ಹೇಳದೆ ನೋಡುವವನ ಬುದ್ಧಿಗೆ ಬಿಟ್ಟಿದ್ದಾನೆ. ಇಲಿಯಾಸ ಮೊದಲ ಸಲ ಸಿನಿಮಾದಲ್ಲಿ ಮಾತು ನಿಲ್ಲಿಸಿದ.

ಕಡೆಗೆ ಒಬ್ಬ ದಪ್ಪ ಮನುಷ್ಯ ಹಾಸ್ಟೆಲ್ಲಿಗೆ ಬಂದ. ಆ ಸಿನಿಮಾದಲ್ಲಿ ಅವನು ತಪಾಸಣೆಗೆ ಬಂದ ಅಧಿಕಾರಿ, ಪಾಪ. ಇಲಿಯಾಸನ ಲೆಕ್ಕದಲ್ಲಿ ಅವನೇ ಕೊಲೆಗಾರ. ಬಿಸಿಲಿಗೆ ಬಡವಾಗಿ ಕಂಡರೂ ದಪ್ಪ ದಪ್ಪವೇ. ಅಡುಗೆಯವನು ಅವನಿಗೆ ಅನ್ನ ಬಡಿಸಿದ. ಅವನು ಉಂಡ. ಇನ್ನೂ ಬೇಕೆಂದು ತಟ್ಟೆ ಮುಂದೆ ಮಾಡಿದ. ಅಡುಗೆಯವನು ಅವನ ಮುಖವನ್ನು ಒಂದು ಗಳಿಗೆ ನೋಡಿ, ಸೌಟು ಅದ್ದಿ, ಎರಡನೇ ಸಲ ಸಾರು ಬಡಿಸಿದ. ಶುಭಂ. ಇಲಿಯಾಸ ಕರ್ಚೀಫು ತೆಗೆಯಲು ಜೇಬಿಗೆ ಕೈಹಾಕಿದಾಗ ಮೊಳೆ ಚುಚ್ಚಿತು. ಎಣಿಸಿದ. ಹದಿನೇಳು ಇದ್ದದ್ದು ಹದಿನೇಳೇ. ಇಂಟರ್ವಲ್ ಆದಮೇಲೆ ಅವನು ಒಂದು ಸಲವೂ ಹೊರಳಿರಲಿಲ್ಲ.

ಅವರ ಮನೆ ಗೊರೇಬಾಳದಲ್ಲಿ. ಬೈಕಿನ ಮೇಲೆ ಮನೆ ಮುಟ್ಟುವ ತನಕ ಕತೆಯನ್ನು ಮೊದಲಿನಿಂದ ಹೇಳುವುದು ಇಲಿಯಾಸನ ರೂಢಿ, ಹಿಂದೆ ಕುಳಿತವಳು ಅದೇ ಸಿನಿಮಾ ನೋಡಿ ಬಂದಿದ್ದಾಳೆಂಬುದು ಅವನಿಗೆ ಅಡ್ಡಿಯಾಗುತ್ತಿರಲಿಲ್ಲ. ಆ ದಿನ ಕಾಲುವೆಯ ಸೇತುವೆಯ ಹತ್ತಿರ ಬೈಕು ನಿಲ್ಲಿಸಿ ಎರಡನೇ ಸಲದ ಸಾರನ್ನು ನೆಲದ ಮೇಲೆ ನಿಂತು ಹೇಳಿದ. ಸಿನಿಮಾ ಎಷ್ಟು ಚೆನ್ನಾಗಿತ್ತೆಂದರೆ ಇಂಟರ್ವಲ್ ಆದಮೇಲೆ ಸೀಟೂ ಮೆತ್ತಗಾಯಿತು ನೋಡು ಎಂದ. ಹುಸೇನ್‌ಬೀ ಬುರ್ಖಾದ ಒಳಗಿಂದ ಹ್ಞೂಂ ಎಂದಳು. ಅವಳು ಯಾವಾಗಲೂ ಅಷ್ಟೇ ಅನ್ನುತ್ತಿದ್ದಳು.

ಡಿಸೆಂಬರಿನಲ್ಲಿ ಪಟ್ಟಿ ಏರಿತು. ಒಂದನೇ ನಂಬರಿನಲ್ಲಿ ಅಡ್ಡಗೆರೆ ಎಳೆದು, ಉಳಿದವುಗಳಿಗಿಂತ ದೊಡ್ಡ ಅಕ್ಷರದಲ್ಲಿ: ಲಾರಿ ಡ್ರೈವರ್ ಸಾರು ಬಡಿಸುವ ಸಿನಿಮಾ. ಹದಿನೇಳು, ಸೊನ್ನೆ. ಸೊನ್ನೆಯ ಸುತ್ತ ಅವನು ಕಿರಣಗಳನ್ನೂ ಬರೆದಿದ್ದ. ಕೇಳಲು ಬಂದವರಿಗೆಲ್ಲ ಕತೆ ಹೇಳಿದ. ಕೇಳಿದವರಲ್ಲಿ ಮಸ್ಕಿಯ ಗೊಬ್ಬರದಂಗಡಿಯ ಸಾಹುಕಾರ ಅಮರಗುಂಡಪ್ಪನೂ ಒಬ್ಬ. ಟ್ರ್ಯಾಕ್ಟರ್ ಸೀಟು ಒಯ್ಯಲು ಬಂದವನು ಕತೆ ಕೇಳಿ ಮುಗಿಸಿ, ಸೀಟು ಮರೆತು, ಕಣ್ಣೊರೆಸಿಕೊಂಡು ಹೋದ.

ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಲಿಂಗಸುಗೂರಿನಿಂದ ಹೊರಟ ಬಸ್ಸಿನಲ್ಲಿ ಗಂಗಾಧರನಿದ್ದ. ಮಸ್ಕಿಯಲ್ಲಿ ಅದೇ ಬಸ್ಸಿಗೆ ಅಮರಗುಂಡಪ್ಪ ಸಿಟ್ಟಿನಿಂದ ಹತ್ತಿದ. ಒಂದೇ ಸೀಟಿನಲ್ಲಿ ಕುಳಿತ ಇಬ್ಬರ ನಡುವೆ ಸಿಂಧನೂರು ಮುಟ್ಟುವುದರೊಳಗೆ ಒಂದು ಒಕ್ಕೂಟ ಏರ್ಪಟ್ಟಿತು.

ಅಂಗಡಿಯ ಮುಂದೆ ಎಂದಿನ ಹತ್ತು ಹನ್ನೆರಡು ಮಂದಿ ಚಹಾ ಹಿಡಿದು ಕೂತಿದ್ದರು. ಅಮರಗುಂಡಪ್ಪ ನಿಂತುಕೊಂಡೇ ದೂರು ಹೇಳಿದ. ಆ ಲಾರಿ ಸಿನಿಮಾ ಈಗ ಟಿವಿಯಲ್ಲೇ ಬಂದಿದೆ. ಮನೆಮಂದಿ ಹದಿನಾಲ್ಕು ಜನರನ್ನು ಕೂಡಿಸಿಕೊಂಡು, ಸಿನಿಮಾ ಎಂದರೆ ಮುಖ ತಿರುಗಿಸುವ ಎಂಬತ್ತು ವರ್ಷದ ತಾಯಿ ಗಾಳೆಮ್ಮನಿಗೆ ಕತೆ ಹೇಳಿ ಒಪ್ಪಿಸಿ, ಹಾಕಿದ. ಕಡೆಯ ತನಕ ಅಡುಗೆಯವನು ಬರಲೇ ಇಲ್ಲ. ಬರೀ ಹೊಡೆದಾಟ.

"ನಮ್ಮವ್ವ ಮೂರು ದಿನದಿಂದ ಕೇಳಾಕತ್ತಾಳ, ಆ ಸಾರಿನಾಂವ ಎಲ್ಲಿ ಹ್ವಾದಾ ಅಂತ. ಏನ್ ಹೇಳ್ಲಿ ಇಲಿಯಾಸ್ ಭಾಯ್?"

ಇಲಿಯಾಸ ವಿಚಲಿತನಾಗಲಿಲ್ಲ. ಟಿವಿಗೆ ಹಾಕುವಾಗ ಒಳ್ಳೆಯದನ್ನೆಲ್ಲ ಕತ್ತರಿಸುತ್ತಾರೆ, ಅದಕ್ಕೇ ಟಾಕೀಸಿಗೆ ಹೋಗಬೇಕೆಂದು ತಾನು ಇಪ್ಪತ್ತೆರಡು ವರ್ಷದಿಂದ ಬಡಿದುಕೊಳ್ಳುವುದು ಎಂದ. ಗಂಗಾಧರ ನೋಟುಬುಕ್ಕು ತೆರೆದ. ತಾನು ಆ ಸಿನಿಮಾವನ್ನು ಲಿಂಗಸುಗೂರಿನ ಟಾಕೀಸಿನಲ್ಲಿ ನೋಡಿದ್ದೇನೆ, ಅಲ್ಲೂ ಅಡುಗೆಯವನಿರಲಿಲ್ಲ ಎಂದ. ಇಲಿಯಾಸ ಅದಕ್ಕೂ ಸಿದ್ಧನಿದ್ದ. ಸಿಂಧನೂರಿಗೆ ಕಳಿಸುವ ಪ್ರಿಂಟೇ ಬೇರೆ, ಇಲ್ಲಿ ಕ್ಯಾಂಪಿನ ಜನ ಇದ್ದಾರೆ, ಎರಡೂ ಭಾಷೆಯವರು ಇದ್ದಾರೆ, ತಿಳಿದೇ ಕಳಿಸಿರುತ್ತಾರೆ. ಲಿಂಗಸುಗೂರಿಗೆ ಬರೀ ಹೊಡೆದಾಟ ಸಾಕೆಂದು ಬಿಟ್ಟಿರಬಹುದು. ಚಹಾದವರು ನಕ್ಕರು. ಕೋಟೆ ಗಟ್ಟಿಯಾಗಿ ನಿಂತಿತ್ತು.

ಗಂಗಾಧರ ನಗಲಿಲ್ಲ. ಅವನು ರೆಕ್ಸಿನ್ ಪಟ್ಟಿಯ ಹತ್ತಿರ ಹೋಗಿ ಕಿರಣಗಳುಳ್ಳ ಸೊನ್ನೆಯನ್ನು ಬಹಳ ಹೊತ್ತು ನೋಡಿದ.

"ಇದನ್ನ ಯಾವ ಪರದ್ಯಾಗ ನೋಡಿದ್ಯೋ ಇಲಿಯಾಸ?"

"ಮೊದಲನೇದ್ರಾಗ ಸರ. ಎಫ್ ಹದಿನಾಲ್ಕು."

"ಮೊದಲನೇ ಪರದಿ ಸೀಟು ನೀ ಯಾವಾಗ ಹೊಲದಿ?"

"ಇನ್ನಾ ಹೊಲದಿಲ್ಲ್ರೀ. ಎರಡನೇದಷ್ಟ ಆಗ್ಯಾವ."

"ನಾನೂ ಕುಂತೀನಿ ಅಲ್ಲಿ. ಸ್ಪ್ರಿಂಗ್ ಚುಚ್ಚಿ ಮಾರನೇ ದಿನ ಆಫೀಸ್ನ್ಯಾಗ ನಿಂತ್ಕಂಡು ಕೆಲಸ ಮಾಡೀನಿ. ಅಂಥಾದ್ರ ಮ್ಯಾಲೆ ನೀ ಒಂದೂಕಾಲು ತಾಸು ಒಮ್ಮಿನೂ ಹೊಳ್ಳಲಿಲ್ಲ?"

ಇಲಿಯಾಸ ಉತ್ತರಕ್ಕೆ ಬಾಯಿ ತೆರೆದ. ಅದೇ ಹೊತ್ತಿಗೆ ಅವನ ಬಲಗೈ, ಹತ್ತಿರವಿದ್ದ ಒಂದು ಹೊಸ ಸೀಟಿನ ಅಂಚಿನ ಮೇಲೆ ತಾನಾಗಿ ಸರಿಯಿತು. ಜೋಡಿ ಹೊಲಿಗೆ. ಬೆರಳುಗಳಿಗೆ ಆಗಸ್ಟಿನ ಆ ಮಧ್ಯಾಹ್ನ ನೆನಪಾಯಿತು. ಕತ್ತಲಲ್ಲಿ ಇದೇ ಅಂಚನ್ನು ಸವರುತ್ತ, ಇದನ್ನು ಹೊಲಿದವನ ಕೈಗೆ ಬಂಗಾರದ ಕಡಗ ಹಾಕಬೇಕು ಎಂದು ಅವನು ಅಂದುಕೊಂಡಿದ್ದ. ತನ್ನ ಅಂಗಡಿಯ ಕೆಲಸವನ್ನು ತಾನೇ ಮೆಚ್ಚಿ, ಆ ಮೆಚ್ಚಿಗೆಯನ್ನು ಒಯ್ದು ಯಾವನೋ ನಿರ್ದೇಶಕನ ತಲೆಗೆ ಕಟ್ಟಿದ್ದ. ಇಲಿಯಾಸನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅಲ್ಲಿದ್ದವರಲ್ಲಿ ಹಿರಿಯರು, ಆ ಬಾಯಿ ತೆರೆದಿದ್ದೂ ಅದರಿಂದ ಮಾತು ಬಾರದೆ ಇದ್ದದ್ದನ್ನು ಕಂಡದ್ದು ಅದೇ ಮೊದಲು ಎಂದು ಆಮೇಲೆ ಹೇಳುತ್ತಿದ್ದರು.

ಒಳಗೆ ಹೊಲಿಗೆ ಮಷಿನ್ ನಿಂತಿತು. ಪರದೆ ಸರಿಸಿ ಹುಸೇನ್‌ಬೀ ಬಂದಳು.

"ನಾ ಹೆಣ್ಮಕ್ಕಳ ಕಡಿ ಕುಂತು ಪೂರಾ ನೋಡೀನ್ರೀ," ಎಂದಳು ಗಂಗಾಧರನಿಗೆ. "ಇಂಟರ್ವಲ್ ಆದಮ್ಯಾಲೆ ಆ ಡ್ರೈವರ್ ಅದ ರಾಡ್ ಹಿಡದು ನಲವತ್ತೊಂದು ಮಂದೀನ್ನ ಹೊಡದ. ನಾ ಎಣಿಸೀನಿ. ಸಾರೂ ಇಲ್ಲ, ಅಡಗಿನೂ ಇಲ್ಲ. ಇವ್ರು ಬಾಗಲಾ ತಪ್ಪಿ ಆ ಕಡಿ ಹೋಗ್ಯಾರ."

ಗಂಗಾಧರ ಒಂಬತ್ತು ವರ್ಷದ ಹಿಂದಿನ ಪುಟ ತೆರೆದು, ತಾರೀಖು ಸಹಿತ ಇಲಿಯಾಸನ ಮಾತನ್ನು ಅವನಿಗೇ ಓದಿ ಹೇಳಿದ. ಓದುವಾಗ ದನಿ ಮೊದಲು ಗಟ್ಟಿಯಾಗಿತ್ತು. ರೆಕ್ಸಿನ್ ಇಳಿಸುವ ಭಾಗಕ್ಕೆ ಬರುವಷ್ಟರಲ್ಲಿ ಸಣ್ಣಗಾಯಿತು. ಇನ್ನು ಮುಂದೆ ಜನವರಿಯ ಮೊದಲ ಭಾನುವಾರ ತಾನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅವನಿಗೆ ಆಗಲೇ ಹೊಳೆದಿರಬೇಕು.

ಇಲಿಯಾಸ ಸ್ಟೂಲು ಹತ್ತಿದ. ನಾಲ್ಕು ಮೊಳೆ ಕಿತ್ತು ರೆಕ್ಸಿನ್ ಇಳಿಸಿ, ಮಡಚಿ, ಸೀಟಿನ ಅಡಿಭಾಗಕ್ಕೆಂದು ಇಟ್ಟ ತುಂಡುಗಳ ರಾಶಿಯ ಮೇಲೆ ಇಟ್ಟ. ಇಪ್ಪತ್ತೆರಡು ವರ್ಷ ನೆರಳಿದ್ದ ಗೋಡೆಯ ತುಂಡು ಬೇರೆ ಬಣ್ಣದ್ದಾಗಿ ಕಂಡಿತು.

ಮೊದಲು ಗೊಣಗಿದವನು ಅಮರಗುಂಡಪ್ಪ. ತಾನು ಬಂದದ್ದು ಪಟ್ಟಿ ಕೆಳಗಿಳಿಸಲು ಅಲ್ಲ, ಸಾರಿನವನನ್ನು ಹುಡುಕಲು. ಈಗ ತಾಯಿಗೆ ಏನು ಹೇಳುವುದು? ಅಲ್ಲದೆ ಮುಂದಿನ ವರ್ಷ ಮಸ್ಕಿಯವರು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಯಾರು? ಗಂಗಾಧರ ಕೆಮ್ಮಿ, ಕಾನೂನು ಕಾನೂನೇ, ಟೈಟಲ್‌ನಿಂದ ಶುಭಂ ತನಕ ಕುಳಿತವರಿಗೆ ಮಾತ್ರ ಹಕ್ಕು ಎಂದ. ಆಮೇಲೆ, ತನ್ನ ಬಸ್ಸಿನ ಹದಿನೈದು ನಿಮಿಷ ನೆನಪಾಗಿ, ತನಗೂ ಇಲ್ಲವೆಂದು ಮೆಲ್ಲಗೆ ಸೇರಿಸಿದ.

"ನಾ ಇದೀನಲ್ಲ," ಎಂದಳು ಹುಸೇನ್‌ಬೀ.

ಎಲ್ಲರೂ ಅವಳ ಕಡೆ ತಿರುಗಿದರು.

"ಹೆಣ್ಮಕ್ಕಳ ಗೇಟಿಗೆ ಕೀಲಿ ಹಾಕ್ತಾರ್ರೀ. ಚೊಲೊ ಇದ್ರೂ ಅಷ್ಟ, ಕೆಟ್ಟಿದ್ರೂ ಅಷ್ಟ, ಶುಭಂ ತನಕ ಕುಂದರಬೇಕು. ಇಪ್ಪತ್ತೆರಡು ವರ್ಷದಾಗ ನಾ ಒಂದೂ ಅರ್ಧಾ ಬಿಟ್ಟಿಲ್ಲ. ಇವ್ರು ಮಿರ್ಚಿ ತಿಂದು ಬರೂದ್ರಾಗ ಏನೇನ್ ಆಗೇತಿ ಅಂತ ಎಲ್ಲಾ ನನಗ ಗೊತ್ತೈತಿ."

ಮೂರು ತಾಲ್ಲೂಕಿನಲ್ಲಿ ಕಾನೂನಿಗೆ ಪೂರ್ತಿ ಒಪ್ಪುವ ಪ್ರೇಕ್ಷಕಿ ಪರದೆಯ ಹಿಂದೆಯೇ ಮಷಿನ್ ತುಳಿಯುತ್ತ ಕುಳಿತಿದ್ದಳು. ಗಂಗಾಧರ ನೋಟುಬುಕ್ಕು ಪೂರಾ ತಿರುವಿ ಹಾಕಿದರೂ ಆಕ್ಷೇಪಣೆ ಸಿಗಲಿಲ್ಲ. ಇಲಿಯಾಸ ಹೊಸದಾಗಿ ಒಂದು ಗಜ ರೆಕ್ಸಿನ್ ಕತ್ತರಿಸಿದ. ಅವನು ಬರೆಯಬಾರದೆಂದು ಶಪಥವಿತ್ತು, ಆದರೆ ಇನ್ನೊಬ್ಬರು ಹೇಳಿದ್ದನ್ನು ಬರೆಯಬಾರದೆಂದು ಇರಲಿಲ್ಲ ಎಂದು ಗಂಗಾಧರನೇ ತೀರ್ಪು ಕೊಟ್ಟ. ಹುಸೇನ್‌ಬೀ ಹತ್ತರಿಂದ ಮೇಲಕ್ಕೆ ಹೇಳುತ್ತ ಹೋದಳು. ಇಳಿಸಿದ ಪಟ್ಟಿಯಲ್ಲಿದ್ದ ಹೆಲಿಕಾಪ್ಟರ್ ಸಿನಿಮಾ ಬಿದ್ದುಹೋಯಿತು. ಎರಡು ಅತ್ತೆ ಸಿನಿಮಾ ಎರಡನೇ ಸ್ಥಾನಕ್ಕೆ ಏರಿತು. ಮಾತಾಡದ ತಂಗಿ ಸಿನಿಮಾ ಬೇಡವೇ ಬೇಡ, ಮಾತಾಡದಿರುವುದು ಅಂಥ ದೊಡ್ಡ ಸಂಗತಿಯಲ್ಲ ಎಂದಳು. ಕಡೆಗೆ ಒಂದನೇ ನಂಬರಿಗೆ ಬಂದಳು.

"ಇವ್ರು ಗಾಡಿ ಮ್ಯಾಲೆ ಹೇಳಿದ ಸಿನಿಮಾ. ಅದನ್ನ ಬರೀರಿ."

ಬ್ರಷ್ಷು ನಿಂತಿತು. ಗಂಗಾಧರ ಎದ್ದುನಿಂತ. ಅಂಥ ಸಿನಿಮಾವೇ ಇಲ್ಲ, ಯಾರೂ ತೆಗೆದಿಲ್ಲ, ಅವನು ನೋಡಿದ್ದು ಎರಡು ಅರ್ಧ. ಕಾನೂನು ಏನಾಯಿತು ಎಂದು ಕೇಳಿದ.

"ಇವ್ರು ನೋಡಿದ್ದು ಅರ್ಧಾ ಅರ್ಧಾ. ನಾ ಕೇಳಿದ್ದು ಪೂರಾ. ಟಾಕೀಸ್ ಗೇಟಿನಿಂದ ಗೊರೇಬಾಳ ತನಕ, ಟೈಟಲ್‌ನಿಂದ ಶುಭಂ ತನಕ. ನಡಬರಕ ನಾ ಇಳದಿಲ್ಲ."

"ತಪ್ಪು ಅಂತ ಗೊತ್ತಿದ್ದೂ ಅವತ್ತ ಯಾಕ ಹೇಳ್ಲಿಲ್ಲ ಭಾಬಿ?"

"ನಾ ನೋಡಿದ್ರಾಗ ನಲವತ್ತೊಂದು ಹೆಣ ಬಿದ್ದಿದ್ವು. ಇವ್ರು ಹೇಳಿದ್ರಾಗ ಒಬ್ಬಾಂವ ಉಂಡು ಎದ್ದ. ನನಗ ಇದ ಚೊಲೊ ಅನಿಸ್ತು."

ಗಂಗಾಧರ ಕುಳಿತ. ಪೆನ್ನು ತೆಗೆದು ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡ, ತಾರೀಖು ಹಾಕಿದ. ಇಲಿಯಾಸ ಒಂದನೇ ನಂಬರನ್ನು ಬರೆದ. ಅಕ್ಷರ ಈ ಸಲ ಸಣ್ಣವು. ಕಿರಣಗಳನ್ನು ಬರೆಯಲೇ ಎಂದು ಕೇಳಿದ. ಬೇಡ ಎಂದು ಹೇಳಿ ಅವಳು ಒಳಗೆ ಹೋದಳು, ಮಷಿನ್ ಮತ್ತೆ ಶುರುವಾಯಿತು.

ಅಮರಗುಂಡಪ್ಪ ಅದೇ ಕತೆಯನ್ನು ತಾಯಿಗೆ ಬಾಯಲ್ಲೇ ಹೇಳಿದ. ಮಸ್ಕಿಯಲ್ಲಿ ಸುದ್ದಿ ಹರಡಿತು. ಜನವರಿ ಮುಗಿಯುವುದರೊಳಗೆ ಜೋಡಿ ಟಾಕೀಸಿನಲ್ಲಿ ಒಂದು ಹೊಸ ಪಿಡುಗು ಶುರುವಾಯಿತು. ಒಂದು ಪರದೆಗೆ ಟಿಕೆಟು ಕೊಂಡವರು ಇಂಟರ್ವಲ್ ಆದಮೇಲೆ ಬೇಕೆಂದೇ ಇನ್ನೊಂದರೊಳಗೆ ನುಗ್ಗುವುದು, ಹೊರಬಂದು ತಮ್ಮ ತಮ್ಮ ಸಿನಿಮಾಗಳನ್ನು ಪರಸ್ಪರ ಹೇಳಿಕೊಳ್ಳುವುದು. ಮದುಮಗಳೊಬ್ಬಳು ಪೊಲೀಸ್ ಅಧಿಕಾರಿಯಾದಳು, ಒಬ್ಬ ವೈದ್ಯ ಸತ್ತು ನಾಯಿಯಾದ. ಮಾಲೀಕ ತಲೆ ಚಚ್ಚಿಕೊಂಡು ಇಂಟರ್ವಲ್‌ಗಳನ್ನು ಬೇರೆ ಬೇರೆ ಹೊತ್ತಿಗೆ ಮಾಡಿದ.

ಹೀಗಾಗಿ ಬಸ್ಸಪ್ಪ ಈಗ ಒಂದೊಂದು ಆಟಕ್ಕೂ ಎರಡು ಸಲ ಎಣ್ಣೆ ಕಾಯಿಸುತ್ತಾನೆ. ಬಾಗಿಲು ತಪ್ಪಿ ಇದನ್ನೆಲ್ಲ ಶುರುಮಾಡಿದ ಇಲಿಯಾಸ ಬಂದರೆ ಅವನಿಗೆ ಮಿರ್ಚಿ ಕೊಡುವುದಿಲ್ಲ. ಎಂದೂ ಬಾಗಿಲು ತಪ್ಪದ ಹುಸೇನ್‌ಬೀಗೆ ಮಾತ್ರ, ಕಟಾಂಜನದ ಸಂದಿಯಿಂದ, ನಾಲ್ಕು ಹೆಚ್ಚಿಗೇ ಕಳಿಸುತ್ತಾನೆ.